ಇದ್ದಿಲು ಪಳಗಿಸಿದ ಲಿಥಿಯಂ

2020ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಹೆಸರು ಕಬ್ಬು, ಕಾವೇರಿಗಳ ಹಂಗಿಲ್ಲದೆ ದೇಶದ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಮರಳಗಾಲ–ಅಲ್ಲಾಪಟ್ಟಣ ಸುತ್ತಿನ ಬಂಡೆಗಳಲ್ಲಿ 14,100 ಟನ್ ಲಿಥಿಯಂ ಇರಬಹುದೆಂಬ ಅಂದಾಜು ಹೊರಬಿದ್ದಿತ್ತು. ಮರುವರ್ಷ ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕದಲ್ಲಿ ಅದು 1,600 ಟನ್ನಿಗೆ ಇಳಿಯಿತು; ಸಡಗರವೂ ಇಳಿಯಿತು. ಅದೇ ವರ್ಷಗಳಲ್ಲಿ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ, ಉಕ್ಕಿನ ಕಾರ್ಖಾನೆಯ ಪಕ್ಕದಲ್ಲಿ, ಕಲ್ಲಿದ್ದಲ ಟಾರಿನಿಂದ ಬ್ಯಾಟರಿಯ ಗ್ರಾಫೈಟ್ ತಯಾರಿಸುವ ಕೆಲಸ ಶುರುವಾಗಿತ್ತು. ಅದಕ್ಕೆ ಅಷ್ಟು ಪ್ರಚಾರ ಸಿಗಲಿಲ್ಲ.

ಲಿಥಿಯಂ ಅಯಾನ್ ಬ್ಯಾಟರಿಯನ್ನು ಬಿಚ್ಚಿ ತೂಗಿದರೆ ಅದರಲ್ಲಿ ಲಿಥಿಯಂಗಿಂತ ಇಂಗಾಲವೇ ಹಲವು ಪಟ್ಟು ಹೆಚ್ಚು. ಆ ಇಂಗಾಲ ಇರುವುದು ಬ್ಯಾಟರಿಯ ಮೈನಸ್ ಬದಿಯಲ್ಲಿ, ಅಂದರೆ ಆನೋಡಿನಲ್ಲಿ. ಚಾರ್ಜ್ ಮಾಡುವಾಗ ಲಿಥಿಯಂ ಬಂದು ತಂಗುವುದು ಅಲ್ಲಿ. ಬಳಸುವಾಗ ಹೊರಡುವುದೂ ಅಲ್ಲಿಂದ. ಮೊಬೈಲಿನಿಂದ ಕಾರಿನವರೆಗೆ ಇಂದು ಜಗತ್ತನ್ನು ಓಡಿಸುತ್ತಿರುವ ಬ್ಯಾಟರಿ ಸಾಧ್ಯವಾದದ್ದು ಹೆಚ್ಚು ಶಕ್ತಿಯ ಲೋಹವನ್ನು ಕೈಬಿಟ್ಟು, ಕಡಿಮೆ ಹಿಡಿಯುವ ಆದರೆ ಹೇಳಿದ ಮಾತು ಕೇಳುವ ಇಂಗಾಲವನ್ನು ಆರಿಸಿಕೊಂಡಾಗ. ಆ ಆಯ್ಕೆಗೆ ಸುಮಾರು 20 ವರ್ಷ ಹಿಡಿಯಿತು, ಎರಡು ಕಂಪನಿಗಳ ಕನಸು ಮುರಿಯಿತು. ಅದರ ಪರಿಣಾಮ ಈಗ ತೋರಣಗಲ್ಲಿಗೆ ಮುಟ್ಟಿದೆ. ಕಾಸರಗೋಡಿನ ತೆಂಗಿನ ತೋಟಗಳ ಹೊಸ್ತಿಲಿಗೂ ಬರುತ್ತಿದೆ.

ಬೆಂಕಿ ಹಚ್ಚಿದ ಲೋಹ

ಕಥೆ ಶುರುವಾಗುವುದು ತೈಲ ಕಂಪನಿಯೊಂದರಲ್ಲಿ. 1970ರ ದಶಕದ ಆರಂಭದಲ್ಲಿ ಅಮೆರಿಕದ ಎಕ್ಸಾನ್ ಕಂಪನಿಗೆ ಪೆಟ್ರೋಲು ಮುಗಿದುಹೋಗುವ ದಿನದ ಚಿಂತೆ ಹತ್ತಿತ್ತು. 1973ರ ತೈಲ ಬಿಕ್ಕಟ್ಟು ಆ ಚಿಂತೆಯನ್ನು ಇಮ್ಮಡಿಸಿತು. ಕಂಪನಿ ಸೇರಿದ್ದ ಇಂಗ್ಲೆಂಡ್ ಮೂಲದ ರಸಾಯನಶಾಸ್ತ್ರಜ್ಞ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಂ, ಟೈಟಾನಿಯಂ ಡೈಸಲ್ಫೈಡಿನ ಪದರಗಳ ನಡುವೆ ಲಿಥಿಯಂ ಅಯಾನುಗಳು ನುಸುಳಿ, ಮತ್ತೆ ಹೊರಬರುತ್ತವೆ ಎಂದು ಕಂಡುಕೊಂಡರು. ಪ್ಲಸ್ ಬದಿಗೆ ಅದು, ಮೈನಸ್ ಬದಿಗೆ ಲಿಥಿಯಂ ಲೋಹ. 1976ರಲ್ಲಿ ಅವರ ಪ್ರಬಂಧ ಪ್ರಕಟವಾಯಿತು. ಕೋಣೆಯ ಉಷ್ಣಾಂಶದಲ್ಲಿ ಕೆಲಸ ಮಾಡುವ, ಮತ್ತೆ ಮತ್ತೆ ಚಾರ್ಜ್ ಮಾಡಬಲ್ಲ ಲಿಥಿಯಂ ಬ್ಯಾಟರಿ ಜಗತ್ತಿನ ಮುಂದೆ ಬಂತು.

ಆನೋಡಿಗೆ ಲಿಥಿಯಂ ಲೋಹಕ್ಕಿಂತ ಒಳ್ಳೆಯ ವಸ್ತು ಕಾಗದದ ಮೇಲೆ ಇಲ್ಲ. ಒಂದು ಗ್ರಾಂ ಲಿಥಿಯಂ 3,860 ಮಿಲಿಆಂಪಿಯರ್‌ಗಂಟೆ ವಿದ್ಯುತ್ತನ್ನು ಹಿಡಿದಿಡಬಲ್ಲದು. ತೊಂದರೆ ಬಂದದ್ದು ವಾಪಸು ಬರುವ ದಾರಿಯಲ್ಲಿ. ಚಾರ್ಜ್ ಮಾಡುವಾಗ ಲಿಥಿಯಂ ಮೊದಲಿದ್ದ ಜಾಗದಲ್ಲಿ ಸಮನಾಗಿ ಕೂರದೆ ಸೂಜಿಗಳಂತೆ ಎದ್ದು ಬೆಳೆಯುತ್ತದೆ. ಸೂಜಿ ಎದುರಿನ ಧ್ರುವವನ್ನು ಮುಟ್ಟಿದ ಕ್ಷಣ ಒಳಗೇ ಶಾರ್ಟ್ ಸರ್ಕ್ಯೂಟ್. ಸುತ್ತಲಿನ ದ್ರವ ಹೊತ್ತಿಕೊಳ್ಳುವ ಜಾತಿಯದು. ಎಕ್ಸಾನ್ ಪ್ರಯೋಗಾಲಯಕ್ಕೆ ಅಗ್ನಿಶಾಮಕ ದಳ ಹಲವು ಬಾರಿ ಬರಬೇಕಾಯಿತು. ಲಿಥಿಯಂಗೆ ಅಲ್ಯೂಮಿನಿಯಂ ಬೆರೆಸಿ, ದ್ರವವನ್ನೂ ಬದಲಿಸಿ ಅಪಾಯ ತಗ್ಗಿಸಲು ನೋಡಿದರು. ಅಷ್ಟರಲ್ಲಿ ತೈಲದ ಬೆಲೆ ಬಿತ್ತು, ಕಂಪನಿಯ ಆಸಕ್ತಿಯೂ ಬಿತ್ತು. 1980ರ ದಶಕದ ಆರಂಭಕ್ಕೆ ಎಕ್ಸಾನ್ ಬ್ಯಾಟರಿಯ ಗೊಡವೆ ಬಿಟ್ಟಿತು.

ಪಾಠ ಕಲಿಯದೆ ಉಳಿದದ್ದು ಕೆನಡಾದ ಮೋಲಿ ಎನರ್ಜಿ. ಈ ಕಂಪನಿ ಮಾಲಿಬ್ಡಿನಂ ಡೈಸಲ್ಫೈಡ್ ಮತ್ತು ಲಿಥಿಯಂ ಲೋಹದ ಬ್ಯಾಟರಿಯನ್ನು ದೊಡ್ಡ ಪ್ರಮಾಣದಲ್ಲಿ ಮಾರುಕಟ್ಟೆಗೆ ತಂದಿತು. 1989ರಲ್ಲಿ ಜಪಾನಿನಲ್ಲಿ ಮೊಬೈಲ್ ಫೋನಿನೊಳಗಿದ್ದ ಅದರ ಬ್ಯಾಟರಿ ಹೊತ್ತಿಕೊಂಡಿತು. ಮಾರಿದ್ದನ್ನೆಲ್ಲ ವಾಪಸು ಪಡೆಯಬೇಕಾಯಿತು. ಕಂಪನಿ ದಿವಾಳಿಯ ಅಂಚಿಗೆ ಬಂದು ಜಪಾನೀಯರ ಕೈ ಸೇರಿತು. ಲಿಥಿಯಂ ಲೋಹದ ಆನೋಡು ಅಲ್ಲಿಗೆ ಬಹುಕಾಲ ಮಾರುಕಟ್ಟೆಯಿಂದ ಮರೆಯಾಯಿತು.

ಪದರಗಳ ನಡುವಿನ ಜಾಗ

ಲೋಹವನ್ನೇ ಇಡುವ ಬದಲು ಲಿಥಿಯಂ ಬಂದು ಇಳಿದುಕೊಳ್ಳಲು ಮನೆಯೊಂದನ್ನು ಕಟ್ಟಿಕೊಡಬಹುದಲ್ಲ ಎಂಬ ಯೋಚನೆ ಎಕ್ಸಾನಿನ ಕಾಲದಲ್ಲೇ ಹಲವರಿಗೆ ಬಂದಿತ್ತು. ಗ್ರಾಫೈಟ್ ಅದಕ್ಕೆ ಹೇಳಿ ಮಾಡಿಸಿದ ವಸ್ತು. ಹಲಸಿನ ಹಪ್ಪಳವನ್ನು ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಅದರಲ್ಲಿ ಇಂಗಾಲದ ಹಾಳೆಗಳು ಜೋಡಿಕೊಂಡಿರುತ್ತವೆ. ನಡುವಿನ ಸಂದಿನಲ್ಲಿ ಲಿಥಿಯಂ ಜಾರಿ ಕೂರಬಹುದು. ಆರು ಇಂಗಾಲಕ್ಕೆ ಒಂದು ಲಿಥಿಯಂ ಅದರ ಮಿತಿ. ಆ ಲೆಕ್ಕದಲ್ಲಿ ಒಂದು ಗ್ರಾಂ ಗ್ರಾಫೈಟ್ ಹಿಡಿಯುವುದು 372 ಮಿಲಿಆಂಪಿಯರ್‌ಗಂಟೆ, ಲೋಹದ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಬದಲಿಗೆ ಸೂಜಿಗಳ ಭಯ ಬಹಳ ಮಟ್ಟಿಗೆ ತಪ್ಪುತ್ತದೆ.

ಈ ಯೋಚನೆ ಯಾರದು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಜರ್ಮನಿಯ ಯುರ್ಗನ್ ಬೆಸೆನ್‌ಹಾರ್ಡ್ 1970ರ ದಶಕದ ನಡುವಿನಲ್ಲೇ ಗ್ರಾಫೈಟಿನೊಳಗೆ ಲಿಥಿಯಂ ಹೋಗುವುದನ್ನು ವಿವರಿಸಿದ್ದರು. ಅಮೆರಿಕದ ಬೆಲ್ ಪ್ರಯೋಗಾಲಯದ ಸಮರ್ ಬಸು 1981ರಲ್ಲಿ ಲಿಥಿಯಂ–ಗ್ರಾಫೈಟ್ ಧ್ರುವಕ್ಕೆ ಪೇಟೆಂಟ್ ಪಡೆದರು. ಅದು ಕರಗಿದ ಲವಣದಲ್ಲಿ ಕೆಲಸ ಮಾಡುವ ಬಿಸಿ ಬ್ಯಾಟರಿ. ಕೋಣೆಯ ಉಷ್ಣಾಂಶದ ಬ್ಯಾಟರಿಗೆ ಅವರ ಮತ್ತೊಂದು ಪೇಟೆಂಟ್ ಬಂದದ್ದು 1983ರಲ್ಲಿ. ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ ಮೊರಾಕ್ಕೊ ಮೂಲದ ರಶೀದ್ ಯಾಜಮಿ 1980ರ ಸುಮಾರಿಗೆ ಘನ ಪಾಲಿಮರನ್ನು ಬಳಸಿ ಗ್ರಾಫೈಟಿನೊಳಗೆ ಲಿಥಿಯಂ ಹೋಗಿ ಬರುವುದನ್ನು ತೋರಿಸಿದರು. ಅವರ ಪ್ರಬಂಧ 1983ರಲ್ಲಿ ಅಚ್ಚಾಯಿತು. 2014ರ ಡ್ರೇಪರ್ ಪ್ರಶಸ್ತಿ ಹಂಚಿಕೊಂಡ ನಾಲ್ವರಲ್ಲಿ ಯಾಜಮಿ ಒಬ್ಬರು. ಆದರೆ 2019ರ ರಸಾಯನಶಾಸ್ತ್ರ ನೊಬೆಲ್ ಪ್ರಶಸ್ತಿಗೆ ಮೂವರ ಮಿತಿ. ಅದು ಜಾನ್ ಗುಡಿನಫ್, ವಿಟಿಂಗ್‌ಹ್ಯಾಂ ಮತ್ತು ಅಕಿರಾ ಯೊಶಿನೊ ಅವರಿಗೆ ಹೋಯಿತು. ಆನೋಡಿನ ಶ್ರೇಯಸ್ಸು ಯೊಶಿನೊ ಅವರ ಪಾಲಿಗೆ ಬಂದದ್ದರ ಬಗ್ಗೆ ವಿವಾದ ಇನ್ನೂ ತಣ್ಣಗಾಗಿಲ್ಲ.

ಯೊಶಿನೊ ಮಾಡಿದ್ದು ಬೇರೆಯೇ ಬಗೆಯ ಕೆಲಸ. ಜಪಾನಿನ ಅಸಾಹಿ ಕಸೈ ಕಂಪನಿಯಲ್ಲಿದ್ದ ಅವರು 1981ರಲ್ಲಿ ಆರಂಭಿಸಿದ್ದು ವಿದ್ಯುತ್ ಹರಿಯುವ ಪ್ಲಾಸ್ಟಿಕ್ಕಾದ ಪಾಲಿಅಸಿಟಿಲೀನಿನಿಂದ. ಪ್ಲಸ್ ಬದಿಗೆ ಆಕ್ಸ್‌ಫರ್ಡಿನಲ್ಲಿ ಗುಡಿನಫ್ ತಂಡ 1980ರಲ್ಲಿ ಕಂಡುಹಿಡಿದಿದ್ದ ಲಿಥಿಯಂ ಕೋಬಾಲ್ಟ್ ಆಕ್ಸೈಡ್ ಸಿಕ್ಕಿತು. ಲಿಥಿಯಂ ಆಗಲೇ ಪ್ಲಸ್ ಬದಿಯಲ್ಲಿ ಸೇರಿಕೊಂಡಿದ್ದರಿಂದ ಮೈನಸ್ ಬದಿಯಲ್ಲಿ ಲೋಹ ಇಡುವ ಅಗತ್ಯವೇ ಬೀಳಲಿಲ್ಲ. ಪಾಲಿಅಸಿಟಿಲೀನ್ ಹಗುರ, ಜಾಗ ಮಾತ್ರ ಬಹಳ ತಿನ್ನುತ್ತದೆ, ಬಾಳಿಕೆಯೂ ಕಡಿಮೆ. ಯೊಶಿನೊ ಅದನ್ನು ಬಿಟ್ಟು, ತಮ್ಮದೇ ಕಂಪನಿ ತಯಾರಿಸುತ್ತಿದ್ದ ವಿಶೇಷ ಇಂಗಾಲದ ನಾರನ್ನು ಪರೀಕ್ಷಿಸಿದರು, ಫಲಿತಾಂಶ ಚೆನ್ನಾಗಿತ್ತು. ಆಮೇಲೆ ಅದೇ ಗುಣವಿರುವ ಅಗ್ಗದ ಪೆಟ್ರೋಲಿಯಂ ಕೋಕಿಗೆ ಬಂದು ನಿಂತರು. ಕಚ್ಚಾತೈಲ ಸಂಸ್ಕರಣೆಯಲ್ಲಿ ತಳಕ್ಕೆ ಉಳಿಯುವ ಕರಿ ಗಟ್ಟಿ ಅದು. 1985ರಲ್ಲಿ ಇಂದಿನ ಲಿಥಿಯಂ ಅಯಾನ್ ಬ್ಯಾಟರಿಯ ರೂಪುರೇಷೆ ಸಿದ್ಧವಾಯಿತು. 1986ರಲ್ಲಿ ಅದರ ಮೇಲೆ ಕಬ್ಬಿಣದ ತುಂಡನ್ನು ಬೀಳಿಸಿ ನೋಡಿದರು. ಲಿಥಿಯಂ ಲೋಹದ ಬ್ಯಾಟರಿ ಹೊತ್ತಿ ಉರಿಯಿತು, ಇದು ಜಜ್ಜಿತಷ್ಟೇ. ಈ ಬ್ಯಾಟರಿ ನಿಜವಾಗಿ ಹುಟ್ಟಿದ್ದು ಆ ಗಳಿಗೆಯಲ್ಲಿ ಎಂದು ಯೊಶಿನೊ ಹೇಳಿಕೊಂಡಿದ್ದಾರೆ.

ಒಂದು ತೆಳು ಪೊರೆ

ಯೊಶಿನೊ ಗ್ರಾಫೈಟನ್ನೇ ಏಕೆ ಹಾಕಲಿಲ್ಲ? ಕಾರಣ ದ್ರವ. ಆ ಕಾಲದಲ್ಲಿ ಎಲ್ಲರೂ ಬಳಸುತ್ತಿದ್ದದ್ದು ಪ್ರೊಪಿಲೀನ್ ಕಾರ್ಬನೇಟ್. ಲಿಥಿಯಂ ಗ್ರಾಫೈಟಿನೊಳಗೆ ಹೋಗುವಾಗ ಈ ದ್ರವದ ಅಣುಗಳನ್ನೂ ಎಳೆದುಕೊಂಡು ಹೋಗುತ್ತದೆ; ಹಾಳೆಗಳು ಉಬ್ಬಿ, ಬಿರಿದು, ಪುಡಿಯಾಗುತ್ತವೆ. ಈ ಅನಾಹುತವನ್ನು 1970ರಲ್ಲೇ ಗಮನಿಸಲಾಗಿತ್ತು, ಹೀಗಾಗಿ ಗ್ರಾಫೈಟ್ ಬ್ಯಾಟರಿಗೆ ಆಗಿಬರದು ಎಂಬ ತೀರ್ಮಾನ ಬೇರೂರಿತ್ತು. ಕೋಕಿನಲ್ಲಿ ಹಾಳೆಗಳು ಓರೆಕೋರೆಯಾಗಿ ಸಿಕ್ಕಿಕೊಂಡಿರುವುದರಿಂದ ಅದು ಬಿರಿಯುವುದಿಲ್ಲ. ಆದರೆ ಹಿಡಿಯುವುದು ಗ್ರಾಫೈಟಿನ ಸುಮಾರು ಅರ್ಧ. 1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದ ಮೊದಲ ಲಿಥಿಯಂ ಅಯಾನ್ ಬ್ಯಾಟರಿಯಲ್ಲೂ ಇದ್ದದ್ದು ಗ್ರಾಫೈಟಲ್ಲ, ಹೀಗೆ ಓರೆಕೋರೆ ರಚನೆಯ ಇಂಗಾಲ. ಒಂದು ಕಿಲೊ ಬ್ಯಾಟರಿಗೆ ಸುಮಾರು 80 ವಾಟ್‌ಗಂಟೆ. ಇಂದಿನ ಒಳ್ಳೆಯ ಬ್ಯಾಟರಿಗಳು ಅದರ ಮೂರು ಪಟ್ಟು ಕೊಡುತ್ತವೆ.

ಬಾಗಿಲು ತೆರೆದದ್ದು ಸುಟ್ಟ ಮನೆಯಿಂದಲೇ. ಮೋಲಿ ಎನರ್ಜಿಯ ಪ್ರಯೋಗಾಲಯದಲ್ಲಿದ್ದ ರೊಸಮರಿಯಾ ಫಾಂಗ್, ಉಲ್ರಿಕ್ ಫಾನ್ ಸಾಕೆನ್ ಮತ್ತು ಜೆಫ್ ಡಾನ್ 1990ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಆ ಹಳೆಯ ತೀರ್ಮಾನವನ್ನು ತಿರುಗಿಸಿತು. ದ್ರವಕ್ಕೆ ಎಥಿಲೀನ್ ಕಾರ್ಬನೇಟ್ ಸೇರಿಸಿದರೆ ಗ್ರಾಫೈಟ್ ಪುಡಿಯಾಗುವುದಿಲ್ಲ ಎಂದು ಅವರು ತೋರಿಸಿದರು. ಪ್ರೊಪಿಲೀನ್ ಕಾರ್ಬನೇಟಿಗೂ ಇದಕ್ಕೂ ಇರುವ ವ್ಯತ್ಯಾಸ ಅಣುವಿನ ಒಂದು ಚಿಕ್ಕ ಕೊಂಬೆಯಷ್ಟೇ. ಎಥಿಲೀನ್ ಕಾರ್ಬನೇಟ್ ಸುಮಾರು 36 ಡಿಗ್ರಿ ಸೆಲ್ಸಿಯಸ್‌ವರೆಗೂ ಗಟ್ಟಿಯಾಗೇ ಇರುವುದರಿಂದ ಬ್ಯಾಟರಿಯ ದ್ರವವಾಗಿ ಅದನ್ನು ಹೆಚ್ಚಿನವರು ಗಂಭೀರವಾಗಿ ಪರಿಗಣಿಸಿರಲಿಲ್ಲ. ಮೊದಲ ಚಾರ್ಜಿನಲ್ಲಿ ಅದು ಒಡೆದು ಗ್ರಾಫೈಟಿನ ಮೈಮೇಲೆ ತೆಳುವಾದ ಪೊರೆ ಕಟ್ಟುತ್ತದೆ. ಪೊರೆ ಲಿಥಿಯಂ ಅಯಾನನ್ನು ಒಳಗೆ ಬಿಡುತ್ತದೆ, ದ್ರವದ ಅಣುವನ್ನು ತಡೆಯುತ್ತದೆ. ಇಂಥ ಪೊರೆಯೊಂದು ಇರುತ್ತದೆಂದು ಇಸ್ರೇಲಿನ ಇಮ್ಯಾನುಯೆಲ್ ಪೆಲೆಡ್ 1979ರಲ್ಲಿ ಲಿಥಿಯಂ ಲೋಹಕ್ಕೆ ಸಂಬಂಧಿಸಿ ಹೇಳಿದ್ದರು. ಈಗ ಅದು ಗ್ರಾಫೈಟಿನ ರಕ್ಷಾಕವಚವಾಯಿತು.

ಮುಂದಿನದೆಲ್ಲ ಬೇಗ ನಡೆಯಿತು. 1990ರ ದಶಕದಲ್ಲಿ ಒಸಾಕ ಗ್ಯಾಸ್ ಕಂಪನಿ ಕಲ್ಲಿದ್ದಲ ಟಾರಿನಿಂದ ತೆಗೆದ ಸಣ್ಣ ಗೋಲಿಯಾಕಾರದ ಇಂಗಾಲವನ್ನು ಗ್ರಾಫೈಟ್ ಮಾಡಿ ಬ್ಯಾಟರಿಯವರಿಗೆ ಮಾರಿತು. ದಶಕ ಮುಗಿಯುವಷ್ಟರಲ್ಲಿ ಗ್ರಾಫೈಟೇ ಆನೋಡಿನ ರೂಢಿಯಾಯಿತು. ಅಂದಿನಿಂದ ಇಂದಿನವರೆಗೆ ಪ್ಲಸ್ ಬದಿಯಲ್ಲಿ ವಸ್ತುಗಳು ಬದಲಾಗುತ್ತ ಬಂದಿವೆ. ಮೈನಸ್ ಬದಿಯಲ್ಲಿ ಗ್ರಾಫೈಟ್ ಕದಲಿಲ್ಲ.

ಕದಲಿಸಲು ನೋಡದವರಿಲ್ಲ. ತೊಶಿಬಾ 2008ರಲ್ಲಿ ಲಿಥಿಯಂ ಟೈಟನೇಟ್ ಆನೋಡಿನ ಬ್ಯಾಟರಿ ತಂದಿತು. ಕೆಲವೇ ನಿಮಿಷಗಳಲ್ಲಿ ಚಾರ್ಜಾಗುತ್ತದೆ, ಬಹಳ ವರ್ಷ ಬಾಳುತ್ತದೆ, ಆದರೆ ಹಿಡಿಯುವುದು ಗ್ರಾಫೈಟಿನ ಅರ್ಧದಷ್ಟೂ ಇಲ್ಲ. ಇನ್ನೊಂದು ತುದಿಯಲ್ಲಿ ಸಿಲಿಕಾನ್; ಗ್ರಾಫೈಟಿನ ಸುಮಾರು ಹತ್ತು ಪಟ್ಟು ಹಿಡಿಯಬಲ್ಲದು. ಲಿಥಿಯಂ ತುಂಬಿದಾಗ ಮಾತ್ರ ಅದರ ಗಾತ್ರ ಸುಮಾರು ನಾಲ್ಕು ಪಟ್ಟಾಗಿ, ಖಾಲಿಯಾದಾಗ ಕುಗ್ಗಿ, ಕೊನೆಗೆ ಬಿರುಕು ಬಿಟ್ಟು ಚೂರಾಗುತ್ತದೆ. 2008ರಲ್ಲಿ ಸ್ಟ್ಯಾನ್‌ಫರ್ಡಿನ ಯಿ ಚುಯಿ ತಂಡ ಸಿಲಿಕಾನನ್ನು ಅತಿ ತೆಳುವಾದ ತಂತಿಗಳಾಗಿ ಬೆಳೆಸಿ ಈ ಬಿರುಕನ್ನು ತಪ್ಪಿಸಬಹುದೆಂದು ತೋರಿಸಿತು. ಈಗ ಹಲವು ಬ್ಯಾಟರಿಗಳಲ್ಲಿ ಗ್ರಾಫೈಟಿಗೆ ಸ್ವಲ್ಪ ಸಿಲಿಕಾನ್ ಬೆರೆಸುತ್ತಾರೆ. ಹೆಚ್ಚು ಸಿಲಿಕಾನ್ ಹಾಕಹೊರಟವರಲ್ಲಿ ಹಲವರು ರಂಧ್ರಗಳಿರುವ ಇಂಗಾಲದ ಕಣದೊಳಗೆ ಅದನ್ನು ತುಂಬುತ್ತಾರೆ. ಸಿಲಿಕಾನಿಗೂ ಇಂಗಾಲದ ಆಸರೆ ಬೇಕಾಯಿತು.

ಕುಲುಮೆ ಇದ್ದವರ ಕಾಲ

ಪ್ರಯೋಗಾಲಯದಲ್ಲಿ ಗೆದ್ದ ಗ್ರಾಫೈಟ್ ಕಾರ್ಖಾನೆಗೆ ಬಂದಾಗ ಆಟದ ನಿಯಮ ಬದಲಾಯಿತು. ಕೃತಕ ಗ್ರಾಫೈಟ್ ಮಾಡಲು ಕೋಕನ್ನು 2,800ರಿಂದ 3,000 ಡಿಗ್ರಿ ಸೆಲ್ಸಿಯಸ್‌ನಲ್ಲಿ ದಿನಗಟ್ಟಲೆ ಸುಡಬೇಕು. ವಿದ್ಯುತ್ತಿನ ಖರ್ಚು ಭಾರಿ. ಗಣಿಯ ಗ್ರಾಫೈಟಾದರೆ ಪುಡಿಮಾಡಿ, ಉರುಟಾಗಿಸಿ, ಬಹಳ ಕಡೆ ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ತೊಳೆದು ಶುದ್ಧಿ ಮಾಡಬೇಕು. ದೂಳು, ಆಮ್ಲ, ಬಿಸಿ, ಇವನ್ನೆಲ್ಲ ಸಹಿಸಿಕೊಂಡು ಅಗ್ಗದಲ್ಲಿ ಮಾಡಿಕೊಟ್ಟದ್ದು ಚೀನಾ. ಕಂಡುಹಿಡಿದವರು ಅಮೆರಿಕ, ಯುರೋಪ್, ಜಪಾನುಗಳವರು. ಇಂದು ಜಗತ್ತಿನ ಆನೋಡ್ ಪುಡಿಯ ಶೇ. 90ಕ್ಕೂ ಹೆಚ್ಚು ತಯಾರಾಗುವುದು ಚೀನಾದಲ್ಲಿ. 2023ರ ಅಕ್ಟೋಬರ್ 20ರಂದು ಚೀನಾ, ಬ್ಯಾಟರಿ ಗ್ರಾಫೈಟನ್ನು ಹೊರಗೆ ಕಳಿಸಲು ಡಿಸೆಂಬರ್ 1ರಿಂದ ಪರವಾನಗಿ ಬೇಕು ಎಂದು ಪ್ರಕಟಿಸಿದಾಗ ಈ ಲೆಕ್ಕದ ಅರ್ಥ ಎಲ್ಲರಿಗೂ ತಟ್ಟಿತು.

ತೋರಣಗಲ್ಲಿನ ಮಹತ್ವ ಇರುವುದು ಈ ಹಿನ್ನೆಲೆಯಲ್ಲಿ. ಸಂಡೂರು ತಾಲ್ಲೂಕಿನ ಆ ಊರಿನಲ್ಲಿ ಜೆಎಸ್‌ಡಬ್ಲ್ಯು ಉಕ್ಕಿನ ಕಾರ್ಖಾನೆಯಿದೆ. ಉಕ್ಕಿಗೆ ಕೋಕ್ ಬೇಕು. ಕಲ್ಲಿದ್ದಲನ್ನು ಕೋಕ್ ಮಾಡುವಾಗ ಟಾರು ಉಳಿಯುತ್ತದೆ. ಎಪ್ಸಿಲಾನ್ ಕಾರ್ಬನ್ ಆ ಟಾರನ್ನು ಬೇರ್ಪಡಿಸಿ ಪಿಚ್ ಮೊದಲಾದವನ್ನು ಮಾಡುತ್ತಿತ್ತು. ಅದರ ಸೋದರ ಕಂಪನಿ ಎಪ್ಸಿಲಾನ್ ಅಡ್ವಾನ್ಸ್‌ಡ್ ಮೆಟೀರಿಯಲ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಆನೋಡಿನ ಕೃತಕ ಗ್ರಾಫೈಟಿಗೆ ಕೈಹಾಕಿತು. 2030ರ ಹೊತ್ತಿಗೆ ವರ್ಷಕ್ಕೆ ಒಂದು ಲಕ್ಷ ಟನ್ ತಯಾರಿಸುವ ಗುರಿಯನ್ನು ಸಾರಿತು. 2023ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಸುಮಾರು 65 ಕೋಟಿ ಡಾಲರಿನ ಕಾರ್ಖಾನೆಯ ಯೋಜನೆಯನ್ನೂ ಪ್ರಕಟಿಸಿತು. ಒಸಾಕ ಗ್ಯಾಸ್ ಹಿಡಿದ ದಾರಿಯನ್ನೇ, ಅದೇ ಕಲ್ಲಿದ್ದಲ ಟಾರಿನಿಂದ, ಸುಮಾರು ಮೂರು ದಶಕ ತಡವಾಗಿ ಕರ್ನಾಟಕ ಹಿಡಿಯಿತು.

ಸೋಡಿಯಂ ಕೇಳುವ ಇದ್ದಿಲು

ಲಿಥಿಯಂ ದುಬಾರಿಯಾದಂತೆ ಉಪ್ಪಿನೊಳಗಿನ ಸೋಡಿಯಮ್ಮಿನ ಕಡೆ ಕಣ್ಣು ಹೊರಳಿತು. ಆದರೆ ಸೋಡಿಯಂ ಅಯಾನು ದಪ್ಪ. ಗ್ರಾಫೈಟಿನ ಸಂದಿನಲ್ಲಿ ಅದು ಲಿಥಿಯಂನಂತೆ ನೆಲೆಸುವುದಿಲ್ಲ. ಪರಿಹಾರ ತೋರಿಸಿದವರಲ್ಲಿ ಮತ್ತೆ ಅದೇ ಜೆಫ್ ಡಾನ್. ಕೆನಡಾದ ಡಾಲ್‌ಹೌಸಿ ವಿಶ್ವವಿದ್ಯಾಲಯದಲ್ಲಿ ಸಹ ಸಂಶೋಧಕ ಸ್ಟೀವನ್ಸ್ ಜೊತೆ 2000ದಲ್ಲಿ ಅವರು, ಗ್ಲೂಕೋಸನ್ನು ಸುಟ್ಟು ಪಡೆದ ಗಡಸು ಇಂಗಾಲ ಗ್ರಾಂಗೆ ಸುಮಾರು 300 ಮಿಲಿಆಂಪಿಯರ್‌ಗಂಟೆಯಷ್ಟು ಸೋಡಿಯಮ್ಮನ್ನು ಹಿಡಿಯುತ್ತದೆಂದು ತೋರಿಸಿದರು. ಎಷ್ಟೇ ಸುಟ್ಟರೂ ಸಾಲಾಗಿ ಜೋಡಿಕೊಳ್ಳಲು ಒಪ್ಪದ, ನಡುನಡುವೆ ಸಣ್ಣ ಪೊಟರೆಗಳು ಉಳಿಯುವ ಇದ್ದಿಲು ಇದು. ಮೂರು ಸಾವಿರ ಡಿಗ್ರಿಯ ಬಿಸಿ ಇದಕ್ಕೆ ಬೇಡ. ಅದರ ಅರ್ಧದಷ್ಟು ಸಾಕು. ಮರ, ಸಕ್ಕರೆ, ಸಿಪ್ಪೆ, ಚಿಪ್ಪುಗಳಿಂದಲೂ ಮಾಡಬಹುದು. ತೆಂಗಿನ ಗೆರಟೆ ಅವುಗಳಲ್ಲಿ ಮುಂಚೂಣಿಯದು.

ಭಾರತದಲ್ಲೂ ಈ ದಿಕ್ಕಿನಲ್ಲಿ ಚಲನೆ ಬಂತು. 2021ರ ಕೊನೆಯ ದಿನ ರಿಲಯನ್ಸ್, ಇಂಗ್ಲೆಂಡಿನ ಸೋಡಿಯಂ ಬ್ಯಾಟರಿ ಕಂಪನಿ ಫ್ಯಾರಡಿಯಾನನ್ನು ಕೊಳ್ಳುವುದಾಗಿ ಹೇಳಿತು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೇಂಕುಮಾರ್ ಸೆಂಗುಟ್ಟುವನ್ ತಂಡ 2025ರಲ್ಲಿ ಇಂಗಾಲವಲ್ಲದ ದಾರಿಯೊಂದನ್ನು ತೋರಿಸಿತು. ವನೇಡಿಯಂ, ನಿಯೋಬಿಯಂ, ಅಲ್ಯೂಮಿನಿಯಂ ಸೇರಿದ ಫಾಸ್ಫೇಟನ್ನು ನ್ಯಾನೊ ಗಾತ್ರಕ್ಕಿಳಿಸಿ, ಅದರ ಮೇಲೆ ಇಂಗಾಲದ ಲೇಪ ಕೊಟ್ಟು ಸೋಡಿಯಂ ಬ್ಯಾಟರಿಗೆ ಆನೋಡಾಗಿ ಬಳಸಿದರು. ಆರು ನಿಮಿಷದಲ್ಲಿ ಶೇ. 80ರಷ್ಟು ಚಾರ್ಜ್ ಆಗುತ್ತದೆ ಎಂಬುದು ಅವರ ಫಲಿತಾಂಶ. ವಸ್ತು ಹೊಸದು, ಮೇಲಿನ ಹೊದಿಕೆ ಇಂಗಾಲದ್ದೇ.

ಗೆರಟೆ ಇದ್ದಿಲಿನ ಹೆಚ್ಚುಗಾರಿಕೆ ಬ್ಯಾಟರಿಯವರು ಕಂಡುಹಿಡಿದದ್ದೇನೂ ಅಲ್ಲ. ಮೊದಲ ಮಹಾಯುದ್ಧದಲ್ಲಿ ವಿಷಾನಿಲ ತಡೆಯುವ ಮುಖಗವಸುಗಳಿಗೆ ಅಮೆರಿಕ ಹುಡುಕಿದ್ದು ತೆಂಗಿನ ಗೆರಟೆಯ ಇದ್ದಿಲನ್ನು. ಅದರ ಸೂಕ್ಷ್ಮ ರಂಧ್ರಗಳಿಗೆ ಸಾಟಿ ಇರಲಿಲ್ಲ. ಆ ಯುದ್ಧದ ನಡುವೆಯೇ, 1916ರಲ್ಲಿ, ಮದರಾಸು ಸರ್ಕಾರ ಆಗಿನ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡಿನಲ್ಲಿ ತೆಂಗು ಸಂಶೋಧನಾ ಕೇಂದ್ರ ತೆರೆಯಿತು. ನೀಲೇಶ್ವರದಲ್ಲಿ 1930ರ ದಶಕದ ಆರಂಭದಲ್ಲಿ ಜೆ. ಎಸ್. ಪಟೇಲ್ ಎತ್ತರ ಮತ್ತು ಗಿಡ್ಡ ತಳಿಗಳನ್ನು ಸೇರಿಸಿ ತೆಂಗಿನ ಮೊದಲ ಸಂಕರ ತಳಿ ಬೆಳೆಸಿದರು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು, 1970ರಲ್ಲಿ ಕೇಂದ್ರ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ರೂಪುಗೊಂಡಿತು. ಒಂದು ಶತಮಾನದ ಈ ವಿದ್ಯೆಯ ಹೆಚ್ಚಿನ ಪಾಲು ಮರ, ತಿರುಳು, ಎಣ್ಣೆಗಳ ಸುತ್ತ ಇತ್ತು. ಗೆರಟೆ ಬಚ್ಚಲೊಲೆಗೆ, ಕೊಬ್ಬರಿ ಒಣಗಿಸುವ ಡ್ರೈಯರಿಗೆ, ಒಂದು ಕಾಲದಲ್ಲಿ ಇಸ್ತ್ರಿ ಪೆಟ್ಟಿಗೆಯ ಕೆಂಡಕ್ಕೆ ಹೋಗುತ್ತಿತ್ತು. ಉಳಿದದ್ದು ಚೀಲ ಕಟ್ಟಿ ವ್ಯಾಪಾರಿಗೆ. ಇತ್ತ ಒಸಾಕ ಗ್ಯಾಸ್ ಸಮೂಹ 2014ರಲ್ಲಿ ಗೆರಟೆಯಿಂದ ಸಕ್ರಿಯ ಇಂಗಾಲ ಮಾಡುವ ಜಾಕೊಬಿ ಕಾರ್ಬನ್ಸ್ ಕಂಪನಿಯನ್ನೇ ಕೊಂಡುಕೊಂಡಿತು. ಟಾರಿನಲ್ಲಿ ಬೆಲೆ ಕಂಡವರು ಗೆರಟೆಯಲ್ಲೂ ಕಂಡರು.

ಉಳಿದ ಲೆಕ್ಕ

ಆನೋಡಿನ 50 ವರ್ಷಗಳ ಈ ಚರಿತ್ರೆ ಎರಡು ಮಾತನ್ನು ಗಟ್ಟಿಯಾಗಿ ಹೇಳುತ್ತದೆ. ಮೊದಲನೆಯದು, ತಿರುವು ಬಂದಾಗಲೆಲ್ಲ ಗೆದ್ದದ್ದು ಅತಿ ಹೆಚ್ಚು ಹಿಡಿಯುವ ವಸ್ತುವಲ್ಲ. ಸಾವಿರ ಬಾರಿ ತುಂಬಿ ಖಾಲಿ ಮಾಡಿದರೂ ಕೆಡದೆ ಉಳಿಯುವ ವಸ್ತು. ಲೋಹದ ಎದುರು ಕೋಕ್ ಗೆದ್ದದ್ದು ಹಾಗೆ. ಸಿಲಿಕಾನಿನ ಎದುರು ಗ್ರಾಫೈಟ್ ಇನ್ನೂ ನಿಂತಿರುವುದೂ ಹಾಗೆಯೇ. ಎರಡನೆಯದು, ಸಂಪತ್ತು ಸೇರಿದ್ದು ಕಚ್ಚಾ ಸಾಮಗ್ರಿ ಇದ್ದವರಿಗಾಗಲಿ, ಮೊದಲು ಯೋಚಿಸಿದವರಿಗಾಗಲಿ ಅಲ್ಲ. ಅದನ್ನು ಒಂದೇ ಗುಣಮಟ್ಟದಲ್ಲಿ, ಟನ್ನುಗಟ್ಟಲೆ ಸುಟ್ಟು ಕೊಡಬಲ್ಲವರಿಗೆ. ಗೆರಟೆ ಮಾರುವವರಿಗೂ ಗಡಸು ಇಂಗಾಲ ಮಾರುವವರಿಗೂ ನಡುವೆ ಇರುವುದು ಆ ಕುಲುಮೆ ಮತ್ತು ಅದನ್ನು ನಿಭಾಯಿಸುವ ವಿದ್ಯೆ.

ಕಾಸರಗೋಡು ಈ ಕುಲುಮೆಯನ್ನು ಬಯಸುವುದಾದರೆ ಇನ್ನೊಂದು ಲೆಕ್ಕವನ್ನೂ ಮರೆಯಲಾರದು. ಗೇರು ಇಳುವರಿಯ ಸುಧಾರಣೆ ಎಂಬ ಹೆಸರಿನಲ್ಲೇ ಇಲ್ಲಿನ ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಕಾಯಿಲೆಗಳಿಗೂ ಕೀಟನಾಶಕಕ್ಕೂ ಇರುವ ನಂಟಿನ ಬಗ್ಗೆ ವಿಜ್ಞಾನಿಗಳ ವಾದ ನಡೆಯುತ್ತಿರುವಾಗಲೇ ಎಣ್ಮಕಜೆಯಂಥ ಊರುಗಳು ಅದರ ಬೆಲೆ ತೆತ್ತವು. ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ಹಾಕಿದ್ದು 2011ರಲ್ಲಿ. ಗ್ರಾಫೈಟಿನ ದೂಳು ಮತ್ತು ಆಮ್ಲದ ಕಥೆಯನ್ನು ಚೀನಾದ ಹಳ್ಳಿಗಳು ಆಗಲೇ ಹೇಳಿವೆ. ಗೆರಟೆಯ ಇದ್ದಿಲು ಅದಕ್ಕಿಂತ ಸೌಮ್ಯವಾದ ದಾರಿ. ಹಾಗೆಂದು ಹೊಗೆ, ನೀರು, ತೊಳೆದ ರಾಸಾಯನಿಕ ಎಲ್ಲಿಗೆ ಹೋಗುತ್ತದೆಂದು ಕೇಳದೆ ಒಪ್ಪಬಹುದಾದಷ್ಟು ಸೌಮ್ಯವೇನಲ್ಲ. ಆನೋಡಿನ ಚರಿತ್ರೆಯಲ್ಲಿ ಸುರಕ್ಷತೆಯನ್ನು ಆಮೇಲೆ ನೋಡಿಕೊಳ್ಳೋಣ ಎಂದವರು ಎರಡು ಬಾರಿ ಸುಟ್ಟುಕೊಂಡರು. ಮೊದಲು ಅದನ್ನೇ ಪರೀಕ್ಷೆಗಿಟ್ಟ ಯೊಶಿನೊ ಅವರ ಬ್ಯಾಟರಿ ಉಳಿಯಿತು. ಕಾರ್ಖಾನೆ ಕಟ್ಟುವವರಿಗೂ ಅನ್ವಯಿಸಬೇಕಾದ ಕ್ರಮ ಅದು.